ಅಮ್ಮ ಬಂದುಹೋದ ಮೈ

ನೀಲಾವತಿಗೆ ಸಿಡುಬು ಬಂದದ್ದು ಊರಿನಲ್ಲಿ, ಅವಳಿನ್ನೂ ಲಂಗ ಉಡುತ್ತಿದ್ದ ಕಾಲದಲ್ಲಿ. ಜೀವ ಉಳಿಯಿತು, ಮುಖ ಉಳಿಯಲಿಲ್ಲ. ಅಣ್ಣ ಸೀನ ಅವಳನ್ನು ಮುಂಬಯಿಗೆ ಕರೆತಂದ ಮೇಲೆ ಚೆಂಬೂರಿನ ಚಾಳಿಗೆ ಹೆಣ್ಣು ನೋಡಲು ಬಂದವರೂ ಉಂಟು. ಎಲ್ಲರೂ ಕಾಫಿ ಮುಗಿಯುವ ಮೊದಲೇ ಚಪ್ಪಲಿ ಹುಡುಕಿದವರೇ.

ಆದರೆ ಯಾರ ಮನೆಯಲ್ಲಾದರೂ ಸಿಡುಬು ಎದ್ದಿತೆಂದರೆ, ಅವರ ಮಾತಿನಲ್ಲಿ ಅಮ್ಮ ಬಂದಳೆಂದರೆ, ಮೊದಲು ನೆನಪಾಗುವುದು ಅದೇ ಮುಖ. ಒಮ್ಮೆ ಬಂದ ಮೈಗೆ ಅಮ್ಮ ಮತ್ತೆ ಬರುವುದಿಲ್ಲವೆಂದು ಎಲ್ಲರಿಗೂ ಗೊತ್ತಿತ್ತು. "ಸ್ವಲ್ಪ ಬಾ ಮಾರಾಯ್ತಿ, ನಿನಗೇನೂ ಆಗುದಿಲ್ಲ" ಎಂದು ಕರೆಯುತ್ತಿದ್ದರು. ಅವಳು ಹೋಗಿ ಕೀವು ಒರೆಸಿ, ಬೇವಿನ ಸೊಪ್ಪು ಬೀಸಿ, ಬಟ್ಟೆ ಕುದಿಸಿ ಬರುತ್ತಿದ್ದಳು. ಮುಂದೆ ಅದೇ ಮನೆಯ ಮದುವೆಗೆ ಅವಳನ್ನು ಕರೆಯುವುದು ಮಾತ್ರ ಯಾರಿಗೂ ನೆನಪಿರುತ್ತಿರಲಿಲ್ಲ.

ರಮಾನಾಥನಿಗೆ ಸಿಡುಬು ಎದ್ದಾಗಲೂ ಹೀಗೇ ಕರೆ ಬಂತು. ರಮಾನಾಥನೆಂದರೆ ಸ್ಟೇಷನ್ ಹತ್ತಿರದ ಹೋಟೆಲಿನ ಧಣಿ. ಸೀನ ಅವನಲ್ಲೇ ದೋಸೆ ಹುಯ್ಯುತ್ತಿದ್ದ. ಮುನ್ಸಿಪಾಲಿಟಿಗೆ ಗೊತ್ತಾದರೆ ಮಗನನ್ನು ಎತ್ತಿಕೊಂಡು ಹೋಗಿ ಹೋಟೆಲಿಗೆ ಬೀಗ ಹಾಕುತ್ತಾರೆಂದು ತಾಯಿ ಸೇವಂತಿಯಮ್ಮ ಅವನನ್ನು ಮೇಲಿನ ಕೋಣೆಯಲ್ಲಿ ಮುಚ್ಚಿಟ್ಟಿದ್ದರು. ಕೆಳಗೆ ಇಡ್ಲಿ, ಮೇಲೆ ಸಿಡುಬು. ಹೆತ್ತ ತಾಯಿ ಹೊಸಿಲಿನ ಆಚೆ ನಿಂತರು, ಒಳಗೆ ಕೂತವಳು ನೀಲಾವತಿ. ಅಂಟಿಕೊಂಡ ರೆಪ್ಪೆಗಳನ್ನು ಬೆಚ್ಚಗಿನ ನೀರಿನಲ್ಲಿ ಬಿಡಿಸಿದಳು. ಗಂಟಲಿಗೆ ಎಳನೀರು ಹನಿಸಿದಳು. ಕಣ್ಣು ಕಾಣದೆ ಅವನು ಅವಳ ಕೈಯನ್ನು ತಡಕಿ ಹಿಡಿದು, "ಹೋಗಬೇಡ" ಅಂದ.

ಇನ್ನು ಉಳಿಯುವುದಿಲ್ಲ ಅನ್ನಿಸಿದ ದಿನ ಸೇವಂತಿಯಮ್ಮ ಹೊಸಿಲಿನಾಚೆಯಿಂದಲೇ ಕೈಮುಗಿದರು. "ನನ್ನ ಮಗ ಬದುಕಿದ್ರೆ ನೀನೇ ಈ ಮನೆಯ ಸೊಸೆ ನೀಲೂ. ಅಮ್ಮನ ಆಣೆ."

ಆಸೆಪಡುವುದನ್ನೇ ಬಿಟ್ಟಿದ್ದ ಹೆಣ್ಣು ಅವಳು. ಆ ಮಾತು ಕೇಳಿದ ಮೇಲೆ ಕನ್ನಡಿ ನೋಡತೊಡಗಿದಳು.

ರಮಾನಾಥ ಬದುಕಿದ. ಅವನ ಮುಖವೂ ಅವಳದರಂತೆಯೇ ಆಯಿತು. ಇನ್ನೇನು ಅಡ್ಡಿ ಎಂದುಕೊಂಡಳು ನೀಲಾವತಿ. ಸೇವಂತಿಯಮ್ಮ ಹರಕೆ ತೀರಿಸಲು ಊರಿಗೆ ಹೋದವರು ಅಲ್ಲೇ ಸಂಬಂಧ ಕುದುರಿಸಿ, ಶೀಲಾವತಿಯೆಂಬ ಹುಡುಗಿಯನ್ನು ಸೊಸೆ ಮಾಡಿಕೊಂಡು ಬಂದರು. ಮುಖದಲ್ಲಿ ಒಂದು ಚುಕ್ಕೆ ಕಲೆಯಿರಲಿಲ್ಲ. ಸೀನ ಅಳುಕುತ್ತಲೇ ಕೇಳಿದ್ದಕ್ಕೆ, "ಮಗನ ಮುಖವೇ ಹೀಗಾಯ್ತು. ಸೊಸೆಯದ್ದೂ ಹಾಗೇ ಇದ್ರೆ ಮೊಮ್ಮಕ್ಕಳ ಗತಿ ಎಂತದು?" ಅಂದರು. ಗಲ್ಲಾದಲ್ಲಿ ಕೂತಿದ್ದ ರಮಾನಾಥ ತಲೆ ಎತ್ತದೆ, "ನಿನ್ನ ತಂಗಿಯನ್ನು ಕಂಡ್ರೆ ನನಗೆ ಆ ಹಾಸಿಗೆಯೇ ನೆನಪಾಗ್ತದೆ ಸೀನ" ಅಂದ. ಅಣ್ಣ ತನ್ನ ದೋಸೆ ಕಲ್ಲಿಗೆ ಮರಳಿದ. ಅನ್ನದ ಪ್ರಶ್ನೆ.

ಚಳಿ ಕಳೆಯುವ ಹೊತ್ತಿಗೆ ದೇವಿ ಡಾಕ್ಟರ್ ಬಂದ. ಸಿಡುಬಿನ ಲಸಿಕೆ ಚುಚ್ಚುವವನಿಗೆ ಮುಂಬಯಿಯಲ್ಲಿ ಅದೇ ಹೆಸರು. ಚಾಳಿನ ಅಂಗಳದಲ್ಲಿ ಸುತ್ತಮುತ್ತಲಿನವರೆಲ್ಲರೂ ತೋಳು ಮೇಲೇರಿಸಿ ಸಾಲಿನಲ್ಲಿ ನಿಂತರು. ನೀಲಾವತಿಯೂ ನಿಂತಳು. ಅವನು ಅವಳ ಮುಖ ನೋಡಿದವನೇ, "ತುಮ್ಹಾಲಾ ನಕೋ, ಬಾಯಿ" ಎಂದು ಕೈಯಾಡಿಸಿದ. ನಿಮಗೆ ಇದು ಬೇಡ ಅಕ್ಕಾ. ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಬೇಡವೆಂದು ಅವಳಿಗೂ ಗೊತ್ತಿತ್ತು. ಚಾಳಿನವರೆಲ್ಲರ ತೋಳಿನ ಮೇಲಿರುವಂಥ ಒಂದು ಕಲೆ ತನಗೂ ಇರಲಿ ಅನ್ನಿಸಿತ್ತು, ಅಷ್ಟೇ.

ಆ ಸಾಲಿಗೆ ಬರದವಳು ಶೀಲಾವತಿ ಒಬ್ಬಳೇ. "ಕಲೆಯಿಲ್ಲದ ಹುಡುಗಿಗಾಗಿ ಊರೆಲ್ಲ ಸುತ್ತಿದ್ದೇನೆ. ಈಗ ಇವನ ಸೂಜಿಯಲ್ಲಿ ತೋಳಿಗೆ ಕಲೆ ಮಾಡಿಸ್ಲಿಕ್ಕಾ?" ಎಂದು ಸೇವಂತಿಯಮ್ಮ ಅವಳನ್ನು ಒಳಗೆ ಕೂರಿಸಿ ಚಿಲಕ ಹಾಕಿದರು. ಹೋಟೆಲಿಗೇ ಹುಡುಕಿಕೊಂಡು ಬಂದ ದೇವಿ ಡಾಕ್ಟರಿಗೆ ಕಾಫಿ ಕೊಟ್ಟು, ಸೊಸೆ ಊರಿಗೆ ಹೋಗಿದ್ದಾಳೆಂದು ಹೇಳಿ ಕಳಿಸಿದರು.

ಬೇಸಿಗೆ ಏರುತ್ತಿದ್ದಂತೆ ಅದೇ ಸೇವಂತಿಯಮ್ಮ ನೀಲಾವತಿಯ ಬಾಗಿಲಿಗೆ ಬಂದು ನಿಂತರು. ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತಿದ್ದರು.

"ಶೀಲಾವತಿಗೆ ಅಮ್ಮ ಬಂದಿದ್ದಾಳೆ ಮಗಾ. ಮೈಯೆಲ್ಲ ಎದ್ದಿದೆ. ನೀನು ಬರ್ಬೇಕು. ನಿನಗೇನೂ ಆಗುದಿಲ್ಲ."

ನೀಲಾವತಿ ಅಕ್ಕಿ ಆರಿಸುತ್ತಿದ್ದಳು. ಮೊರ ಕೆಳಗಿಡಲಿಲ್ಲ. "ನಿಮ್ಮ ಮಗ ಇಲ್ವಾ? ಅವರದ್ದೂ ಅಮ್ಮ ಬಂದುಹೋದ ಮೈಯೇ. ಅವರಿಗೂ ಏನೂ ಆಗುದಿಲ್ಲ. ಅವರೇ ಕೂತು ಒರೆಸ್ಲಿ."

ಸೇವಂತಿಯಮ್ಮ ಕಕ್ಕಾಬಿಕ್ಕಿಯಾದರು. ಇದು ಅವರಿಗೆ ಹೊಳೆದೇ ಇರಲಿಲ್ಲ. "ಅವನು ಗಂಡಸು ಮಾರಾಯ್ತಿ, ಅವನಿಗೆ ಅದೆಲ್ಲ ಎಂತ ಗೊತ್ತುಂಟು?" ಅಂದರು. ಗೊಣಗಿಕೊಂಡು ಹೋದರು.

ಉರಿದುಹೋಗಲಿ ಆ ಮನೆ ಎಂದಿತು ನೀಲಾವತಿಯ ಮನಸ್ಸು. ಮತ್ತೆ ಅಕ್ಕಿಗೆ ಕೈಹಾಕಿದಳು. ಕಲ್ಲು ಯಾವುದು, ಅಕ್ಕಿ ಯಾವುದು, ಕಣ್ಣಿಗೆ ಹತ್ತಲಿಲ್ಲ. ಊರಿನಿಂದ ಬಂದ ಹುಡುಗಿ, ಇಲ್ಲಿ ತನ್ನವರೆಂದು ಯಾರೂ ಇಲ್ಲ, ಒಳಗೆ ಒಬ್ಬಳೇ ಬಿದ್ದುಕೊಂಡಿದ್ದಾಳೆ. ಚಿಲಕ ಹಾಕಿದ್ದು ಅವಳಲ್ಲವಲ್ಲ.

ಬೇವಿನ ಎರಡು ಗೆಲ್ಲು ಮುರಿದುಕೊಂಡು ಹೋಟೆಲಿಗೆ ನಡೆದಳು. ಗಿರಾಕಿಗಳು ತುಂಬಿದ್ದರು. ಒಂದು ಗೆಲ್ಲನ್ನು ಗಲ್ಲಾದ ಮೇಲೆ, ರಮಾನಾಥನ ಎದುರು ಇಟ್ಟಳು.

"ಏಳಿ, ಮೇಲೆ ಹೋಗುವ. ಹೇಗೆ ಒರೆಸುದು ಅಂತ ನಾನು ತೋರಿಸಿ ಕೊಡ್ತೇನೆ."

ಅವನು ಒಮ್ಮೆ ಅವಳ ಮುಖ ನೋಡಿದ. ಆಮೇಲೆ ಗಿರಾಕಿಗಳತ್ತ ನೋಡಿದ. ಬೇವಿನ ಗೆಲ್ಲನ್ನು ಮೆಲ್ಲಗೆ ಗಲ್ಲಾದ ಕೆಳಗೆ ಸರಿಸಿ, "ಎರಡು ಸಾದಾ!" ಎಂದು ಒಳಗೆ ಕೂಗಿದ. ದೋಸೆ ಕಲ್ಲಿನ ಮುಂದಿದ್ದ ಸೀನ ಬೆನ್ನು ತಿರುಗಿಸಿಯೇ ನಿಂತಿದ್ದ.

ನೀಲಾವತಿ ಮೆಟ್ಟಿಲು ಹತ್ತಿದಳು. ಕೋಣೆಯಲ್ಲಿ ಅದೇ ಮಂಚ, ಅದೇ ವಾಸನೆ. ಹುಡುಗಿಯ ರೆಪ್ಪೆಗಳು ಅಂಟಿಕೊಂಡಿದ್ದವು. ಹೆಜ್ಜೆಯ ಸದ್ದಿಗೆ ಕೈಚಾಚಿ ಗಾಳಿಯಲ್ಲಿ ತಡಕಾಡಿದಳು.

"ಇವರು ಬಂದ್ರಾ?"

"ಇಲ್ಲ" ಎಂದಳು ನೀಲಾವತಿ, ಆ ಕೈಯನ್ನು ಹಿಡಿದುಕೊಂಡು. "ಇವರು ಬರುದಿಲ್ಲ."