ನೀರಗಂಟು

ಅಣ್ಣನ ಹೆಣಕ್ಕೆ ನೀರು ಹಾಕುತ್ತಿದ್ದ ಅಂದಾನೆಪ್ಪ ಚೊಂಬು ಕೆಳಗಿಟ್ಟು, ಭರಮಪ್ಪನ ಕೊರಳ ಪಕ್ಕದ ಗಂಟನ್ನು ಒತ್ತಿ ನೋಡಿದ. ಅದೇ ಒದ್ದೆ ಕೈಯಿಂದ ತನ್ನ ಕೊರಳನ್ನೂ ಮುಟ್ಟಿಕೊಂಡ.

"ನನಗೂ ಇದ ಬಂದೈತಿ ನೋಡವಾ."

ಬಿಸಿನೀರು ತಂದ ಭರಮಪ್ಪನ ಮಗಳು ಯಶೋಧಾ ಕೊಡ ಹಿಡಿದೇ ನಿಂತಳು. "ಡಾಕ್ಟರಿಗೆ ತೋರಿಸಿಯೇನು ಕಾಕಾ?"

"ತೋರಿಸೇನಿ. ಕಾರ್ಸಿನೋಮಾ, ಸಣ್ಣದೈತಿ, ಆಪರೇಶನ್ ಮಾಡಿದ್ರ ಗುಣಾ ಆಕ್ಕೈತಿ ಅಂದ್ರು. ಮುಂದ ಏನೇನೋ ಹೇಳಾಕ ಹತ್ತಿದ್ರು, ಎದ್ದು ಬಂದೆ. ಕಾರ್ಸಿನೋಮಾ ಅಂದ್ರ ನೀರಗಂಟು, ನಮ್ಮ ಹುಡುಗಿ ಬಿಎಸ್ಸಿ ಕಲ್ತಾಳ, ನಮಗ ಗೊತ್ತೈತಿ ಅಂದೆ."

"ಸೂಜಿ ಕಂಡ್ರ ಓಡೂ ಮನಷ್ಯಾ," ಎಂದ ನೆರೆಮನೆಯ ಮಡಿವಾಳೆಪ್ಪ. "ನೆಪಕ್ಕ ಒಂದು ಹೆಸರು ಸಿಕ್ತು."

ಕಂಬಕ್ಕೊರಗಿದ್ದ ಭರಮಪ್ಪನ ಹೆಂಡತಿ ರಾಯವ್ವ ಅಳುವಿನ ನಡುವೆಯೇ ನಕ್ಕಳು. "ಅವರೂ ಹಂಗ ಅರಾಮ ಇದ್ರು. ಹಾರ್ಟು ಕೈಕೊಡ್ತು."

ಬಾಗಿಲಲ್ಲಿದ್ದ ಆಕಾಶ ತಂಗಿ ಯಶೋಧಾಳನ್ನು ಒಳಗೆ ಕರೆದ. "ಈಗ ಬಾಯಿ ಬಿಡಬ್ಯಾಡ. ಕಾಕಾನ ಹೊಟ್ಟ್ಯಾಗ ಮಾತು ನಿಲ್ಲೂದಿಲ್ಲ, ಅವ್ವಗ ಗೊತ್ತಾಕ್ಕೈತಿ. ದಿನಕರ್ಮ ಮುಗೀಲಿ."

ಅಪ್ಪನ ವಿಷಯದಲ್ಲೂ ಅವನು ದೀಪಾವಳಿ ಮುಗಿಯಲಿ ಎಂದಿದ್ದ.

*

ದೀಪಾವಳಿಗೆ ಮುಂಚಿನ ಮಾತು. ಯರಗಟ್ಟಿಯ ತನ್ನ ಅಂಗಡಿಯಲ್ಲಿ ಭರಮಪ್ಪ ಸುಟ್ಟ ಪಂಪಿನ ಮೋಟರು ಬಿಚ್ಚಿ, ತಾಮ್ರದ ತಂತಿ ಕೀಳುತ್ತಿದ್ದ. ರೋಗ ಕೈಮೀರಿದೆ ಎಂದು ಬೆಳಗಾವಿಯ ಡಾಕ್ಟರು ಮಕ್ಕಳಿಬ್ಬರಿಗಷ್ಟೇ ಹೇಳಿದ್ದರು.

"ಚೀಟ್ಯಾಗ ಬರದಾರಲಾ, ಕಾರ್ಸಿನೋಮಾ ಅಂದ್ರ ಏನವಾ? ಪೂರಾ ವೈಂಡಿಂಗ್ ಸುಟ್ಟೈತೋ, ಬರೇ ಬೇರಿಂಗ್ ಹೋಗೈತೋ?"

ಯಶೋಧಾ ಅಣ್ಣನ ಮುಖ ನೋಡಿದಳು. "ಬೇರಿಂಗ್ ಅಪ್ಪಾ. ನೀರಗಂಟು ಅಂತಾರ, ಜೀವಕ್ಕೇನಿಲ್ಲ."

ಅಂದಿನಿಂದ ಭರಮಪ್ಪ ಮೋಟರು ತಂದವರಿಗೆಲ್ಲ ಕೊರಳು ತೋರಿಸಿ ಆ ಹೆಸರನ್ನೂ ಅದರ ಅರ್ಥವನ್ನೂ ಹೇಳುತ್ತಿದ್ದ. ಕೇಳಿದವರು ಮಗಳ ಓದನ್ನು ಹೊಗಳುತ್ತಿದ್ದರು. ಚಹಾ ತಂದ ಯಶೋಧಾ ಲೋಟ ಖಾಲಿಯಾಗುವವರೆಗೆ ಅಲ್ಲೇ ನಿಂತು ಕೇಳಬೇಕಾಗುತ್ತಿತ್ತು.

*

ಭರಮಪ್ಪನನ್ನು ಕುಣಿಯೊಳಗೆ ಕೂಡಿಸಿದ್ದರು. ಮಣ್ಣು ಕೊಡಲು ಎಲ್ಲರೂ ಸುತ್ತ ನಿಂತರು. ಆಕಾಶ ತಂಗಿಯ ಮಗ್ಗುಲು ಬಿಟ್ಟು ಕದಲಲಿಲ್ಲ.

ಅಂದಾನೆಪ್ಪ ಬಗ್ಗಿ ಮಣ್ಣು ಹಿಡಿದ. "ಹೋಗಿ ಬಾ ಅಣ್ಣಾ. ನಿನ್ನ ಮಗಳ ಮಾತಿನ ಮ್ಯಾಲ ನಾನೂ ಅರಾಮ ಇರತೇನಿ."

ಆಕಾಶ ಯಶೋಧಾಳ ಮೊಣಕೈ ಒತ್ತಿ ಹಿಡಿದ. ಅವಳು ಕೊಸರಿಕೊಂಡಳು.

"ಕಾಕಾ, ಅದು ನೀರಗಂಟಲ್ಲ. ಕಾರ್ಸಿನೋಮಾ ಅಂದ್ರ ಕ್ಯಾನ್ಸರ್. ನಿಂದಿನ್ನೂ ಸಣ್ಣದೈತಿ. ನಾಳೆ ನನ್ನ ಜೋಡಿ ಬೆಳಗಾವಿಗೆ ಬಾ."

ಅಂದಾನೆಪ್ಪನ ಕೈಯ ಮಣ್ಣು ಅವನ ಕಾಲ ಮೇಲೆಯೇ ಬಿತ್ತು.

ರಾಯವ್ವ ಮಗಳನ್ನು ನೋಡಿದಳು. ಕುಣಿಯಲ್ಲಿ ಕುಳಿತ ಗಂಡನನ್ನು ನೋಡಿದಳು. ಮಣ್ಣು ಹಿಡಿದ ಅವಳ ಕೈ ಆಗಲೇ ಕುಣಿಯ ಮೇಲೆ ಚಾಚಿತ್ತು.

"ಮಣ್ಣು ಬಿಡು ಯಕ್ಕಾ," ಎಂದ ಮಡಿವಾಳೆಪ್ಪ ಮೆಲ್ಲಗೆ. "ಮಂದಿ ನಿಂತೈತಿ."

ರಾಯವ್ವ ಮುಷ್ಟಿ ಬಿಚ್ಚಲಿಲ್ಲ. ಬೆರಳ ಸಂದಿಯಿಂದ ಎರೆಮಣ್ಣು ಸಣ್ಣಗೆ ಸೋರುತ್ತಿತ್ತು.