ಮೂರು ಪಂಪಿನ ಒಪ್ಪಂದ

ಕುಂದಗೋಳ ರಸ್ತೆಯಲ್ಲಿ ಮಡಿವಾಳೆಪ್ಪನದೊಂದು ಪೆಟ್ರೋಲ್ ಪಂಪ್ ಇತ್ತು. ಡೀಸೆಲ್ ದರ ಕಂಪನಿಯದೇ ಆದರೂ, ತನಗೆ ಸಿಗುವ ಕಮಿಷನ್ನಿನಲ್ಲಿ ಲೀಟರಿಗೆ ಒಂದು ರೂಪಾಯಿಯನ್ನು ಅವನು ಟ್ರ್ಯಾಕ್ಟರಿನವರಿಗೆ ಬಿಡುತ್ತಿದ್ದ. ಶೇಂಗಾ ರಾಶಿಯ ದಿನಗಳಲ್ಲಿ ಸುತ್ತಲ ಹಳ್ಳಿಯವರೆಲ್ಲ ಅವನಲ್ಲಿಗೇ ಬರುತ್ತಿದ್ದರು.

ಅದೇ ರಸ್ತೆಯ ಬೇರೆ ಎರಡು ಪಂಪಿನವರಿಗೆ ವ್ಯಾಪಾರ ಕುಸಿಯಿತು. ಅವರಲ್ಲೊಬ್ಬ ಈರೇಶ, ಮಡಿವಾಳೆಪ್ಪನ ಹೆಂಡತಿ ಸಾವಿತ್ರೆವ್ವನ ಖಾಸಾ ತಮ್ಮ. ಇನ್ನು ಮುಂದೆ ಮೂವರೂ ಯಾರಿಗೂ ಪೈಸೆ ಬಿಡಕೂಡದು ಎಂದು ಬರೆದ ಕಾಗದವನ್ನು ಅವನೇ ಮನೆಗೆ ತಂದ. ನೆಂಟಸ್ತನ ಕೆಡಬಾರದೆಂದು ಮಡಿವಾಳೆಪ್ಪ ಸಹಿ ಹಾಕಿದ.

ಕುಬಿಹಾಳದ ಗೂಳಪ್ಪ ಬಾಡಿಗೆಗೆ ಟ್ರ್ಯಾಕ್ಟರ್ ಹೊಡೆಯುವವನು. ಒಂದೇ ದಿನ ಮೂರೂ ಕಡೆ ಹಿಂದಿನಂತೆ ಒಂದು ರೂಪಾಯಿ ಬಿಡಿರೆಂದು ಕೇಳಿದ. ಮೂರೂ ಕಡೆ ಒಂದೇ ಉತ್ತರ, ಪೈಸೆಯನ್ನೂ ಬಿಡುವುದಿಲ್ಲ ಎಂದು. ಹುಬ್ಬಳ್ಳಿಯಲ್ಲಿ ವಕೀಲಿ ಓದುತ್ತಿದ್ದ ಅವನ ಮಗಳು ಅರುಣಾ, ಪೈಪೋಟಿ ಮಾಡಬೇಕಾದವರು ಕೂಡಿ ದರ ಕಟ್ಟುವುದು ಕಾನೂನಿಗೆ ವಿರುದ್ಧ ಎಂದು ಹೇಳಿ, ಇಂಥದನ್ನು ವಿಚಾರಿಸುವ ದಿಲ್ಲಿಯ ಸ್ಪರ್ಧಾ ಆಯೋಗಕ್ಕೆ ಅಪ್ಪನ ಹೆಸರಿನಲ್ಲಿ ದೂರು ಬರೆದಳು.

ಒಂದೂವರೆ ವರ್ಷದ ಮೇಲೆ ಮೂವರಿಗೂ ನೋಟೀಸು ಬಂತು. ಈರೇಶ ಓಡಿಬಂದ.

"ಮಾಮಾ, ಆ ಕಾಗದಾ ಸುಟ್ಟುಬಿಡ್ರಿ. ನಾವು ಕೂಡೇ ಇಲ್ಲಂತ ಹೇಳೂಣು."

ಅವನು ಹೋದ ಮೇಲೆ ಮಡಿವಾಳೆಪ್ಪ ಕಾಗದವನ್ನು ಹೊರತೆಗೆದು ಮತ್ತೊಮ್ಮೆ ಓದಿದ. ಸಾವಿತ್ರೆವ್ವ ಎಲ್ಲ ಕೇಳಿಸಿಕೊಂಡಿದ್ದಳು.

"ಗೂಳಪ್ಪ ಸುಳ್ಳು ಬರದಾನೇನ್ರಿ?"

"ಇಲ್ಲ."

"ಹಂಗಾರ ನನ್ನ ತಮ್ಮ ಅಂತ ನೋಡಬ್ಯಾಡ್ರಿ."

ಮಡಿವಾಳೆಪ್ಪ ಕಾಗದವನ್ನು ತನಿಖಾಧಿಕಾರಿಯ ಕೈಗಿಟ್ಟು, ತಾನೂ ತಪ್ಪು ಮಾಡಿದ್ದೇನೆಂದು ಬರೆದುಕೊಟ್ಟ. ನಿಜ ಹೇಳಿದ್ದಕ್ಕೆ ಅವನ ದಂಡ ಕಡಿಮೆಯಾಯಿತು. ಉಳಿದಿಬ್ಬರಿಗೆ ಪೂರಾ ಬಿತ್ತು. ಒಪ್ಪಂದ ರದ್ದಾಯಿತು. ಪೇಟೆಯಲ್ಲಿ ಕೆಲವರು ಅವನನ್ನು ಮನೆಮುರುಕ ಎಂದರು. ಈರೇಶ ಅಕ್ಕನ ಮನೆಯ ಹೊಸ್ತಿಲು ತುಳಿಯುವುದನ್ನೇ ಬಿಟ್ಟ.

ಮರುವರ್ಷ ಈರೇಶನ ಮಗಳು ನಂದಾಳ ಮದುವೆ. ಊರಿಗೆಲ್ಲ ಹಂಚಿದ ಲಗ್ನಪತ್ರಿಕೆ ಇವರ ಮನೆಗೆ ಬರಲಿಲ್ಲ. ತಾನು ಹೋದರೆ ಜಗಳವಾದೀತೆಂದು ಮಡಿವಾಳೆಪ್ಪ ಮನೆಯಲ್ಲೇ ಉಳಿದ. ಸಾವಿತ್ರೆವ್ವ ಇಳಕಲ್ ಸೀರೆ ಉಟ್ಟು ಒಬ್ಬಳೇ ಹೊರಟಳು. ಎತ್ತಿ ಆಡಿಸಿದ ಕೂಸಿನ ಮೇಲೆ ಅಕ್ಕಿಕಾಳು ಹಾಕಲು ಕರೆ ಬೇಕಿಲ್ಲ ಎಂದಿದ್ದಳು.

ಸಂಜೆಗೆ ಮರಳಿ ಬಂದಾಗ ಗಂಡ ಬಾಗಿಲಲ್ಲೇ ನಿಂತಿದ್ದ. ಈರೇಶ ಮಾತಾಡಿಸಿದನೇ ಎಂದು ಕೇಳಿದ.

"ಮಾತಾಡಲಿಲ್ಲ," ಎಂದಳು ಆಕೆ, ಚಪ್ಪಲಿ ಬಿಡುತ್ತ. "ಆದ್ರ ನನ್ನ ಎಲಿಗೆ ತುಪ್ಪಾ ತಾನ ಬಂದು ಬಡಿಸಿದಾ."