ಆರ್ಫಾ ಬರೆದ ಎಡಗೈ

ಪ್ರೆಂಟಿಸ್ ಡಾಕ್ಟರು ಒಬ್ಬರೇ ಕೂತು ಬರೆದ ಶಸ್ತ್ರಚಿಕಿತ್ಸೆಯ ಪಠ್ಯಪುಸ್ತಕ ಅಮೆರಿಕದ ಸಿನ್ಸಿನ್ನಾಟಿಯ ವೈದ್ಯ ವಿದ್ಯಾರ್ಥಿಗಳಿಗೆ ಮೂವತ್ತೈದು ವರ್ಷ ತಲೆದಿಂಬಾಗಿತ್ತು. ಕಣ್ಣು, ಮೂಳೆ, ಗಂಟಲು, ಮೂತ್ರಕೋಶ, ಎಲ್ಲಕ್ಕೂ ಅವರದೇ ಕತ್ತಿ, ಅವರದೇ ಮಾತು. ಎಂಥ ದಿನಗಳವು! ಈಗ, ಹತ್ತೊಂಬೈನೂರ ಎಂಟರಲ್ಲಿ, ಹೊಸ ಆವೃತ್ತಿಯನ್ನು ಹನ್ನೊಂದು ಮಂದಿ ತಜ್ಞರು ಹಂಚಿಕೊಂಡು ಬರೆದಿದ್ದರು. ಕರಡು ಹಿಡಿದು ಬಂದವನು ಹಳೆಯ ಶಿಷ್ಯ ಹಾಲಿಸ್, ಈಗ ಹೆಸರಾಂತ ಗಂಟಲ ಡಾಕ್ಟರು.

"ಕಿವಿಗೊಬ್ಬ, ಮೂಗಿಗೊಬ್ಬ! ಕಿರುಬೆರಳಿಗೆ ಯಾರಪ್ಪಾ?" ಅಂದರು ಮುದುಕರು.

"ಇನ್ನೂ ಹುಡುಕ್ತಿದ್ದೀವಿ ಮೇಷ್ಟ್ರೇ."

ಪ್ರೆಂಟಿಸ್ ಸರಸರನೆ ಹಾಳೆ ಮಗುಚಿದರು. ಹಳೆಯ ಪುಸ್ತಕದ ಅರವತ್ತು ಚಿತ್ರಗಳನ್ನೂ ಬರೆದವಳು ಹೆಂಡತಿ ಆರ್ಫಾ. ಅವಳು ತೀರಿಕೊಂಡು ಆರು ವರ್ಷವಾಗಿತ್ತು. ಈಗ ಎಲ್ಲೆಲ್ಲೂ ಫೋಟೋಗಳು, ಅವಳದೊಂದೂ ಇಲ್ಲ.

"ಒಂದಾದ್ರೂ ಉಳಿಸೋ. ಉಸಿರು ಕಟ್ಟಿದ ಮಗೂನ ಉಳಿಸೋಕೆ ಗಂಟಲು ಸೀಳೋದಿದೆಯಲ್ಲ, ಅದು."

"ಅದರಲ್ಲಿ ಕತ್ತಿ ಎಡಗೈಲಿದೆ, ಅಂಥ ಪದ್ಧತಿ ಎಲ್ಲೂ ಇಲ್ಲ ಅಂತ ಉಳಿದವರ ತಕರಾರು."

ನಿಜಕ್ಕೂ ಇರಲಿಲ್ಲ. ಅಚ್ಚೊತ್ತಿದಾಗ ಎಡಬಲ ಅದಲುಬದಲಾಗುವುದರಿಂದ ಮರದ ಅಚ್ಚಿನ ಮೇಲೆ ಚಿತ್ರವನ್ನು ತಿರುವುಮುರುವಾಗಿ ಬರೆಯಬೇಕು. ಆ ಒಂದು ಚಿತ್ರದಲ್ಲಿ, ಅವಸರಕ್ಕೆ, ಆರ್ಫಾ ಮರೆತಿದ್ದಳು. ಪುಸ್ತಕ ಕೈಗೆ ಬಂದ ದಿನ ಅಡುಗೆಮನೆಯಲ್ಲಿ ಕೂತು ಬಿಕ್ಕಿ ಬಿಕ್ಕಿ ಅತ್ತಳು. ಪ್ರೆಂಟಿಸ್ ಕಸಾಯಿಯಿಂದ ಹಂದಿಗಳ ಗಂಟಲು ತರಿಸಿ, ಚಳಿಗಾಲವಿಡೀ ಎಡಗೈಯಲ್ಲಿ ಕುಯ್ದು ಕಲಿತರು. ಆಮೇಲೆ ತರಗತಿಯಲ್ಲಿ ಎಡಗೈಯಲ್ಲೇ ಮಾಡಿ ತೋರಿಸಿ, ಶಿಷ್ಯರಿಗೂ ಹಾಗೇ ಕಲಿಸಿದರು.

"ಅವಳ ಚಿತ್ರ ತಪ್ಪಾಗ್ಬಾರ್ದು ಅಂತ ನನ್ನ ಕೈ ಬದಲಾಯಿಸ್ದೆ ಕಣೋ," ಎಂದು ಮೊದಲ ಸಲ ಬಾಯಿಬಿಟ್ಟರು. "ನಿಮ್ಮನ್ನೆಲ್ಲ ಗೋಳುಹೊಯ್ಕೊಂಡೆ."

ಹಾಲಿಸ್ ಬೆಪ್ಪಾದ. "ಕೈ ಪಳಗಲಿ ಅಂತ ಎರಡು ವರ್ಷ ಎಡಗೈಲಿ ಸೂಪು ಕುಡ್ದೆ ಮೇಷ್ಟ್ರೇ! ನಮ್ಮಮ್ಮ ನನಗೆ ಪಾರ್ಶ್ವವಾಯು ಬಡೀತು ಅಂದ್ಕೊಂಡಿದ್ರು."

"ಕ್ಷಮಿಸಪ್ಪಾ. ಆ ಚಿತ್ರ ತೆಗೆದುಹಾಕಿಬಿಡು."

ಹಾಲಿಸ್ ತಾನು ಬರೆದ ಅಧ್ಯಾಯ ತೆರೆದು ಮುಂದಿಟ್ಟ. ಪ್ರೆಂಟಿಸ್ ಕನ್ನಡಕ ಸರಿಮಾಡಿಕೊಂಡು ಬಗ್ಗಿದರು. ಫೋಟೋದಲ್ಲಿ ಮಗುವಿನ ಎಳೆ ಕುತ್ತಿಗೆ, ಅದರ ಮೇಲೆ ಕತ್ತಿ ಹಿಡಿದ ಎಡಗೈ.

"ಯಾರ ಕೈಯೋ ಇದು?"

"ನಂದೇ. ಬೇರೆ ಥರ ನನಗೆ ಬರೋದೇ ಇಲ್ವಲ್ಲ. ಮಗು ಬದುಕ್ತು ಮೇಷ್ಟ್ರೇ. ಇದಕ್ಕೆ ಯಾರೂ ತಕರಾರು ಎತ್ಲಿಲ್ಲ."

ಮುದುಕರ ಕಣ್ಣು ತುಂಬಿ ಬಂತು.

"ಅವಳು ನೋಡ್ಬೇಕಿತ್ತು ಕಣೋ," ಅಂದರು. "ಸಾಯೋವರೆಗೂ ಆ ಪುಟ ತೆರೆದವಳಲ್ಲ."